ಮೌನದಲ್ಲಿ ತಿರುವಿದ ಸಾಬೂನು

ತನ್ನ ಬಾಯಿಂದ ಬಂದ ಮಾತು ಸಾಬೂನಿನ ಪೊಟ್ಟಣದ ಮೇಲೆ ಅಚ್ಚಾಗಿದ್ದನ್ನು ನೋಡಿದ ದಿನ ಅಕ್ಕನಿಗೆ ಮೈ ಉರಿದಿತ್ತು. ಆ ಉರಿಯನ್ನು ಅಂದೇ ನುಂಗಿಕೊಳ್ಳದೆ ಇದ್ದಿದ್ದರೆ ದೊಡ್ಡಮ್ಮನಿಗೆ ಇವತ್ತು ಎರಡೂ ಕಣ್ಣು ಕಾಣುತ್ತಿದ್ದವು. ಇದು ಬೇರೆ ಯಾರೋ ಹೇಳುವ ಮಾತಲ್ಲ. ಅಕ್ಕನೇ ಹೇಳುತ್ತಾಳೆ, ಕೇಳಿದವರಿಗೂ ಕೇಳದವರಿಗೂ.

ಅಕ್ಕ ಹದಿನೇಳು ವರ್ಷ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದವಳು. ರಕ್ತದ ಹೊದಿಕೆ, ಕೀವಿನ ದಿಂಬಿನ ಚೀಲ, ಸತ್ತವರ ಮೈಮೇಲಿಂದ ತೆಗೆದ ಬಟ್ಟೆ, ಎಲ್ಲಕ್ಕೂ ಒಂದೇ ಪುಡಿ. ಆ ಪುಡಿ ಅವಳ ಕೈಯನ್ನು ತಿಂದುಹಾಕಿತು. ಬೆರಳಿನ ಸಂದಿಗಳು ಬಿರಿದು, ರಾತ್ರಿ ಹೊದಿಕೆ ಎಳೆದುಕೊಂಡರೂ ಉರಿಯುತ್ತಿತ್ತು. ಕೆಲಸದಿಂದ ನಿವೃತ್ತಿಯಾಗುತ್ತಿದ್ದ ಒಬ್ಬ ನರ್ಸ್, "ನಿನ್ನ ಸಾಬೂನು ನೀನೇ ಮಾಡ್ಕೊಳೇ ಹುಡುಗಿ, ಅಡುಗೆ ಮಾಡೋಕೆ ಬರುತ್ತೆ ತಾನೆ" ಎಂದು ಒಂದು ಚೀಟಿಯಲ್ಲಿ ಅಳತೆ ಬರೆದುಕೊಟ್ಟಳು. ಇಷ್ಟು ಎಣ್ಣೆ, ಇಷ್ಟು ನೀರು, ಮೈಗೆ ತಾಗಿದರೆ ಸುಡುವ ಕಾಸ್ಟಿಕ್ ಸೋಡಾ ಇಷ್ಟು. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಕಾಸ್ಟಿಕ್ಕಿಗೆ ಹಾಕಬಾರದು ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

ಮೊದಲು ಮಾಡಿದ್ದು ಒಡೆದು ಮೊಸರಾಯಿತು. ಎರಡನೆಯದು ಕಲ್ಲಾಯಿತು. ಮೂರನೆಯದು ಹದವಾಗಿ ಕೂತಿತು. ಆ ಸಾಬೂನಿನಲ್ಲಿ ಒಂದು ತಿಂಗಳು ಕೈ ತೊಳೆದ ಮೇಲೆ ಅವಳ ಬೆರಳ ಸಂದಿಗಳು ಮುಚ್ಚಿಕೊಂಡವು. ಅಂದಿನಿಂದ ಅವಳಿಗೆ ಅದೇ ಹುಚ್ಚು. ಪಕ್ಕದ ಮನೆಯವರಿಗೆ ಕೊಟ್ಟಳು, ಆಸ್ಪತ್ರೆಯ ಆಯಾಗಳಿಗೆ ಕೊಟ್ಟಳು, ಕೇಳಿದವರಿಗೆ ಮಾರಿದಳು. ಕೊನೆಗೆ ಒಗೆಯುವ ಕೆಲಸ ಬಿಟ್ಟು ಮನೆಯ ಹಿಂದಿನ ಶೆಡ್ಡಿನಲ್ಲಿ ಸಾಬೂನೇ ಮಾಡತೊಡಗಿದಳು.

ಕಾಸ್ಟಿಕ್ ನೀರನ್ನು ಎಣ್ಣೆಗೆ ಸುರಿದ ಮೇಲೆ ಸುಮಾರು ಅರ್ಧ ಗಂಟೆ ಬಿಡದೆ ತಿರುವಬೇಕು. ಕೋಲಿನಿಂದ ಗೆರೆ ಎಳೆದರೆ ಆ ಗೆರೆ ಮೇಲೆ ಹಾಗೇ ನಿಲ್ಲಬೇಕು, ಅದೇ ಹದ. ಆ ಅರ್ಧ ಗಂಟೆ ಅಕ್ಕ ಮಾತಾಡುತ್ತಿರಲಿಲ್ಲ. ಯಾರಾದರೂ ಕರೆದರೂ ತಿರುಗುತ್ತಿರಲಿಲ್ಲ. ಇದು ವ್ರತವೂ ಅಲ್ಲ, ನೇಮವೂ ಅಲ್ಲ. ಹಾಗೆ ಶುರುವಾಗಿತ್ತು, ಹಾಗೇ ಉಳಿದಿತ್ತು. ಒಮ್ಮೆ ಅವಳ ತಮ್ಮ ಬಾಗಿಲ ಬಳಿ ಕಾದು ಕೂತಿದ್ದು, ಅವಳು ಕೋಲು ಕೆಳಗಿಟ್ಟ ಮೇಲೆ ಕೇಳಿದ:

"ಅಷ್ಟು ಹೊತ್ತು ಏನು ಯೋಚ್ನೆ ಮಾಡ್ತೀಯಕ್ಕ?"

"ಏನೂ ಇಲ್ಲ ಕಣೋ. ಸುಮ್ನೆ ಇರ್ತೀನಿ. ನನ್ನ ಪಾಡಿಗೆ ನಾನು, ಅವನ ಪಾಡಿಗೆ ಅವನು."

"ಅವನು ಅಂದ್ರೆ ಯಾರು?"

ಅಕ್ಕ ಕೋಲಿನ ತುದಿಯಿಂದ ಶೆಡ್ಡಿನ ತಗಡಿನ ಚಾವಣಿಯನ್ನು ತೋರಿಸಿ, "ಮೇಲಿರೋನು" ಎಂದಳು. ತಮ್ಮ ನಕ್ಕಿದ್ದ.

ಈ ತಮ್ಮನನ್ನು ಅವಳೇ ಬೆಳೆಸಿದ್ದು. ಅಮ್ಮ ಹೋದಾಗ ಅವನಿಗೆ ಒಂಬತ್ತು. ಅಕ್ಕ ತಾನು ಓದುವುದನ್ನು ಬಿಟ್ಟು ಅವನನ್ನು ಓದಿಸಿದಳು. ಅವನು ದೊಡ್ಡವನಾಗಿ ಹೋಟೆಲುಗಳಿಗೆ ಮೇಜು ಕುರ್ಚಿ ಮಾರುವ ಕೆಲಸ ಹಿಡಿದ. ಕಲ್ಲನ್ನೂ ಮಾತಾಡಿಸಿ ಮಾರಬಲ್ಲ ಬಾಯಿ. ನಲವತ್ತನೇ ವಯಸ್ಸಿಗೆ ಅದೇನು ಬೇಸರ ಬಂತೋ, ಯಾವುದೋ ಗುಡ್ಡದ ಮೇಲಿನ ಹತ್ತು ದಿನದ ಧ್ಯಾನದ ಶಿಬಿರಕ್ಕೆ ಹೋಗಿಬಂದ. ಬರುವಾಗ ಸಣ್ಣಗಾಗಿದ್ದ, ಕಣ್ಣು ಕೆಂಪಾಗಿತ್ತು. ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದ:

"ಇಷ್ಟು ವರ್ಷ ಲೋಕಕ್ಕೆಲ್ಲ ಕುರ್ಚಿ ಮಾರಿದೆ ಅಕ್ಕ, ನಾನೇ ಒಂದು ದಿನ ಕೂತಿರ್ಲಿಲ್ಲ. ಅಲ್ಲಿ ಕೂತೆ. ಕೂತಾಗ ನನಗೆ ಕಂಡಿದ್ದು ನೀನು. ಶೆಡ್ಡಲ್ಲಿ ಸುಮ್ನೆ ನಿಂತು ತಿರುವ್ತಾ ಇರೋ ನೀನು."

ಅದು ಸುಳ್ಳಲ್ಲ. ಅವನು ನಿಜವಾಗಿಯೇ ಅಳುತ್ತಿದ್ದ. ಅಕ್ಕನಿಗೆ ಇವತ್ತಿಗೂ ಸಿಟ್ಟು ನೆತ್ತಿಗೇರುವುದು ಇದಕ್ಕೇ. ಅವನು ಬರೀ ಕಳ್ಳನಾಗಿದ್ದರೆ ಮೊದಲ ದಿನವೇ ಬಾಗಿಲಾಚೆ ನಿಲ್ಲಿಸುತ್ತಿದ್ದಳು.

ಅವನು ತನ್ನ ಕೆಲಸ ಬಿಟ್ಟು ಅಕ್ಕನ ಜೊತೆ ಸೇರಿದ. ವ್ಯಾಪಾರವೂ ಸಾಧನೆಯಾಗಬೇಕು, ಲಾಭವೂ ಶುದ್ಧವಾಗಿರಬೇಕು, ಮನಸಿಗೆ ಇಷ್ಟವಾದ ಕೆಲಸವೇ ಪೂಜೆ ಎಂದ. ಅಕ್ಕನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಇಬ್ಬರ ಹೆಸರಲ್ಲೂ ಕಾಗದಪತ್ರ ಮಾಡಿಸಿದ. "ನೀನೇ ಮೊದಲು" ಎಂದು ಅವಳ ಹೆಸರನ್ನು ಮೇಲೆ ಬರೆಸಿದ. ಎರಡು ತಿಂಗಳಾದ ಮೇಲೆ ಹೊಸ ಪೊಟ್ಟಣ ತಂದು ಅವಳ ಕೈಗಿಟ್ಟ. ಮುಂದೆ 'ಮೌನ' ಎಂಬ ಹೆಸರು, ಅದರಡಿ 'ಮೌನದಲ್ಲಿ ತಿರುವಿದ ಸಾಬೂನು'. ಹಿಂದೆ ಅಕ್ಕನ ಫೋಟೊ. ಫೋಟೊದ ಕೆಳಗೆ: 'ನನ್ನ ಪಾಡಿಗೆ ನಾನು, ಅವನ ಪಾಡಿಗೆ ಅವನು.'

"ಇದನ್ನ ಯಾಕೋ ಹಾಕಿಸ್ದೆ?"

"ಯಾಕಕ್ಕ, ಚೆನ್ನಾಗಿಲ್ವಾ?"

"ಅದು ನಿನಗೆ ಹೇಳಿದ್ದು. ಅಂಗಡಿಗೆ ಬರೋ ಹೋಗೋರಿಗೆಲ್ಲ ಹೇಳಿದ್ದಲ್ಲ."

"ನಿನ್ನ ಹತ್ರ ಬೆಳಕಿದೆ ಅಕ್ಕ. ಅದನ್ನ ಒಬ್ಬಳೇ ಇಟ್ಕೊಳ್ಳೋದು ಸ್ವಾರ್ಥ ಅಲ್ವಾ?"

ಬೆಳಕಂತೆ! ಅವಳಿಗೆ ಪೊಟ್ಟಣವನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ತಾನು ಎತ್ತಿ ಆಡಿಸಿದವನು, ಖುಷಿಯಲ್ಲಿದ್ದಾನೆ, ಹೋಗಲಿ ಬಿಡು ಎಂದುಕೊಂಡಳು. ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳು ಬಹಳ ದಿನ ಯಾರಿಗೂ ಹೇಳಲಿಲ್ಲ: ಆ ಫೋಟೊದಲ್ಲಿ ಅವಳು ಚೆನ್ನಾಗಿ ಕಾಣುತ್ತಿದ್ದಳು. ಹದಿನೇಳು ವರ್ಷ ನೆಲಮಾಳಿಗೆಯಲ್ಲಿದ್ದಾಗ ಅವಳ ಮುಖವನ್ನು ಯಾರೂ ನೆಟ್ಟಗೆ ನೋಡಿರಲಿಲ್ಲ. ಈಗ ಅಂಗಡಿಯಲ್ಲಿ ಜನ ಪೊಟ್ಟಣ ತಿರುಗಿಸಿ ನೋಡಿ, "ಎಂಥ ಶಾಂತ ಮುಖ" ಎನ್ನುತ್ತಿದ್ದರು.

ಸಾಬೂನು ಓಡಿತು. ಶೆಡ್ಡು ಸಾಲದೆ, ಬೀದಿಯ ಕೊನೆಯಲ್ಲಿ ಹಳೆಯ ಮುದ್ರಣಾಲಯದ ಉದ್ದನೆಯ ಕೋಣೆಯನ್ನು ಬಾಡಿಗೆಗೆ ಹಿಡಿದರು. ಗೋಡೆಗೆ ಬಿಳಿ ಬಣ್ಣ. ಒಂದು ಬದಿಗೆ ತಿರುವುವ ಪಾತ್ರೆಗಳು, ನಡುವೆ ಮರದ ಅಚ್ಚುಗಳು, ಇನ್ನೊಂದು ಬದಿಗೆ ಕತ್ತರಿಸುವ ಮೇಜು, ಹಿಂದೆ ಸಾಬೂನು ಒಣಗಲು ಹಲಗೆಯ ಕಪಾಟುಗಳು. ಏಳು ಜನ ಹೆಂಗಸರು ಕೆಲಸಕ್ಕೆ ಬಂದರು. ಅವರಲ್ಲಿ ಇಬ್ಬರು ಅಕ್ಕನ ಹಳೆಯ ಜೊತೆಗಾರ್ತಿಯರು, ಆಸ್ಪತ್ರೆಯಲ್ಲಿ ಒಟ್ಟಿಗೆ ಬಟ್ಟೆ ಹಿಂಡಿದವರು. ಒಬ್ಬಳು ಎಲ್ಲರೂ ದೊಡ್ಡಮ್ಮ ಎಂದು ಕರೆಯುವವಳು, ಅರವತ್ತು ದಾಟಿದವಳು, ಅಚ್ಚುಗಳಿಗೆ ಕಾಗದ ಹಾಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಇನ್ನೊಬ್ಬಳಿಗೆ ರೇಡಿಯೊ ಎಂದೇ ಹೆಸರು. ಬೆಳಿಗ್ಗೆ ಬಾಗಿಲು ದಾಟುವಾಗ ಬಾಯಿ ಬಿಟ್ಟರೆ ಸಂಜೆ ಚಪ್ಪಲಿ ಮೆಟ್ಟುವಾಗಲೂ ಮುಚ್ಚುತ್ತಿರಲಿಲ್ಲ. ಅವಳ ಮಾತಿನ ಮೇಲೇ ಕೆಲಸ ಸಾಗುತ್ತಿತ್ತು. "ಹಿಂದೆ ಬಿಸಿ ಬರ್ತಿದೆ, ಸರೀರಿ", "ಬಕೆಟ್ಟು ಬಕೆಟ್ಟು", "ಅಲ್ಲಿ ಎಣ್ಣೆ ಚೆಲ್ಲಿದೆ, ಬಿದ್ದು ಸೊಂಟ ಮುರ್ಕೋಬೇಡಿ, ಮದ್ವೆ ಆಗಬೇಕಾದೋರು" ಎಂದು ದೊಡ್ಡಮ್ಮನಿಗೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು.

ತಮ್ಮ ಬರಬರುತ್ತಾ ಒಂದೊಂದೇ ನಿಯಮ ತಂದ. ಮೊದಲನೆಯದು, ಯಾರೂ ತನ್ನನ್ನು ಸರ್ ಅನ್ನಬಾರದು, ನಾವೆಲ್ಲ ಒಂದು ಕುಟುಂಬ, ಅಣ್ಣ ಅನ್ನಬೇಕು. ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ದೊಡ್ಡಮ್ಮನೂ ಅಣ್ಣ ಅನ್ನಬೇಕಾಯಿತು. "ನಮ್ಮವ್ವ ಇದ್ದಿದ್ರೆ ಇನ್ನೊಬ್ಬ ಮಗ ಯಾವಾಗ ಹುಟ್ಟಿದ ಅಂತ ಹೆದರ್ಕೋತಿದ್ಲು" ಎಂದು ಅವಳು ಗೊಣಗಿದಳು. ಎರಡನೆಯದು ಮೌನ. ಪೊಟ್ಟಣದ ಮೇಲೆ ಮೌನ ಎಂದು ಬರೆದ ಮೇಲೆ ಕೋಣೆಯಲ್ಲೂ ಮೌನವಿರಬೇಕು, ಇಲ್ಲದಿದ್ದರೆ ಕೊಳ್ಳುವವರಿಗೆ ಮೋಸ ಎಂದ. 'ಮಾತು ಬೆಳ್ಳಿ, ಮೌನ ಬಂಗಾರ' ಎಂಬ ಹಲಗೆಯನ್ನು ಗೋಡೆಗೆ ಹೊಡೆಸಿದ. "ಹಂಗಾದ್ರೆ ನಾನು ಬೆಳ್ಳಿ ಅಂಗಡಿ ಇಟ್ಟಿದ್ದೀನಿ ಅನ್ನಿ" ಎಂದಳು ರೇಡಿಯೊ. ಎಲ್ಲರೂ ನಕ್ಕರು. ಅವಳ ಹೆಸರಿನ ಮುಂದೆ ಮೊದಲ ಚುಕ್ಕೆ ಬಿದ್ದದ್ದು ಅವತ್ತೇ.

ಚುಕ್ಕೆಗಳಿಗೆ ಬಾಗಿಲ ಪಕ್ಕ ಒಂದು ಫಲಕವಿತ್ತು. ಏಳು ಹೆಸರು, ಮುಂದೆ ಖಾಲಿ ಜಾಗ. ಕೆಲಸದ ಹೊತ್ತಿನಲ್ಲಿ ಬಾಯಿ ತೆರೆದರೆ ಒಂದು ಚುಕ್ಕೆ. ಮೂರು ಚುಕ್ಕೆಯಾದರೆ ಈ ಜಾಗ ನಿಮಗೆ ಹೊಂದುವುದಿಲ್ಲ ಎಂದು ಅರ್ಥ. ಕೆಲಸದಿಂದ ತೆಗೆದುಹಾಕುತ್ತೇನೆ ಎಂದು ಅವನು ಹೇಳುತ್ತಿರಲಿಲ್ಲ. ಅಂಥ ಒರಟು ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ. "ನಿಮ್ಮನ್ನ ನಿಮ್ಮ ದಾರಿಗೆ ಬಿಟ್ಟುಕೊಡ್ತೀವಿ" ಎನ್ನುತ್ತಿದ್ದ. ಒಬ್ಬಳನ್ನು ಆಗಲೇ ಅವಳ ದಾರಿಗೆ ಬಿಟ್ಟುಕೊಟ್ಟಾಗಿತ್ತು. ಮಗು ಆಸ್ಪತ್ರೆಯಲ್ಲಿದೆ ಎಂದು ಫೋನು ಬಂದಾಗ ಅವಳು "ಅಯ್ಯೋ" ಎಂದದ್ದು ಮೂರನೇ ಚುಕ್ಕೆ.

ಅಕ್ಕ ಹೋಗಿ ತಮ್ಮನನ್ನು ಕೇಳಿದಳು. "ನಾನು ಸುಮ್ನಿರೋದು ನನಗೆ ಇಷ್ಟ ಆಗಿ ಕಣೋ. ಅವ್ರ ಬಾಯಿಗೆ ಬೀಗ ಹಾಕು ಅಂತ ಯಾರು ಹೇಳಿದ್ರು?"

"ಬೀಗ ಅಲ್ಲಕ್ಕ, ಬಾಗಿಲು. ಒಳಗಿನ ಬಾಗಿಲು."

ಅವನ ಹತ್ತಿರ ಎಲ್ಲದಕ್ಕೂ ಇಂಥ ಒಂದು ಉತ್ತರ ಇರುತ್ತಿತ್ತು. ಅಕ್ಕನಿಗೆ ಮಾತಿಗೆ ಮಾತು ಜೋಡಿಸಲು ಬರುತ್ತಿರಲಿಲ್ಲ. ಬಂದ ಸಿಟ್ಟನ್ನು ನುಂಗಿ, ಹೋಗಿ ಮತ್ತೆ ಕೋಲು ಹಿಡಿಯುತ್ತಿದ್ದಳು.

ಆಮೇಲೆ ಅತಿಥಿಗಳು ಬರತೊಡಗಿದರು. ತಿಂಗಳಿಗೊಮ್ಮೆ ಹತ್ತು ಹನ್ನೆರಡು ಜನ ಶುಲ್ಕ ಕೊಟ್ಟು ಬಂದು, ಗೋಡೆಯುದ್ದಕ್ಕೂ ಹಾಸಿದ ಬಿಳಿ ದಿಂಬುಗಳ ಮೇಲೆ ಕೂತು, ಹೆಂಗಸರು ಮೌನವಾಗಿ ಸಾಬೂನು ಮಾಡುವುದನ್ನು ನೋಡುತ್ತಾ ಧ್ಯಾನ ಮಾಡುತ್ತಿದ್ದರು. ಆ ದಿನಗಳಲ್ಲಿ ಹೆಂಗಸರು ಕಣ್ಣಿಗೆ ಹಾಕುವ ದಪ್ಪ ಪ್ಲಾಸ್ಟಿಕ್ ಕನ್ನಡಕ, ಮೊಣಕೈವರೆಗಿನ ರಬ್ಬರ್ ಕೈಗವಸು ಎರಡನ್ನೂ ತೆಗೆದಿಡಬೇಕಿತ್ತು. ಅವು ಕಾರ್ಖಾನೆಯ ನೆನಪು ತರುತ್ತವೆ, ಮುಖದ ಶಾಂತಿಯನ್ನು ಮುಚ್ಚುತ್ತವೆ ಎನ್ನುತ್ತಿದ್ದ ತಮ್ಮ. ಮೊದಲು ಕನ್ನಡಕ ತೆಗೆದವಳು ಅಕ್ಕನೇ, ಫೋಟೊ ತೆಗೆಸಿಕೊಳ್ಳುವಾಗ. ಮಿಕ್ಕವರು ಅಕ್ಕನನ್ನು ನೋಡಿ ತೆಗೆದರು.

ಅದು ನಡೆದದ್ದು ಅಂಥ ಒಂದು ದಿನ ಬೆಳಿಗ್ಗೆ, ಹತ್ತೂವರೆ ಹೊತ್ತಿಗೆ. ಹನ್ನೆರಡು ಅತಿಥಿಗಳು ಕಣ್ಣು ಅರೆ ಮುಚ್ಚಿ ಕೂತಿದ್ದರು. ತಮ್ಮ ಎಲ್ಲರ ಮುಂದೆ ಬೆನ್ನು ನೇರ ಮಾಡಿ ಕೂತಿದ್ದ. ಅಕ್ಕ ಗೋಡೆ ಕಡೆ ಮುಖ ಮಾಡಿ ಪಾತ್ರೆ ತಿರುವುತ್ತಿದ್ದಳು. ಎರಡನೇ ಪಾತ್ರೆಗೆಂದು ಕಲಸಿದ ಕಾಸ್ಟಿಕ್ ನೀರು ಒಂದು ಬಕೆಟ್ಟಿನಲ್ಲಿ, ಮೂರು ಕಾಲಿನ ಸ್ಟೂಲಿನ ಮೇಲೆ ಆರುತ್ತಿತ್ತು. ಸ್ಟೂಲಿನ ಪಕ್ಕ ದೊಡ್ಡಮ್ಮ ಕುಕ್ಕರುಗಾಲಲ್ಲಿ ಕೂತು ಅಚ್ಚಿಗೆ ಕಾಗದ ಹಾಸುತ್ತಿದ್ದಳು. ತಮ್ಮ ಕರೆಸಿದ್ದ ವೀಡಿಯೊದವನೊಬ್ಬ ಅಕ್ಕನ ಕೈಯ ಚಿತ್ರ ತೆಗೆಯಲೆಂದು ಕ್ಯಾಮೆರಾಕ್ಕೆ ಕಣ್ಣಿಟ್ಟುಕೊಂಡು ಹಿಂದೆ ಹಿಂದೆ ಸರಿಯುತ್ತಾ ಬಂದ. ಅವನ ಹಿಮ್ಮಡಿ ಸ್ಟೂಲಿನ ಕಾಲಿಗೆ ತಾಗಿತು.

ಕೋಣೆಯ ಆಚೆ ಬದಿಯಿಂದ, ಕತ್ತರಿಸುವ ಮೇಜಿನ ಹಿಂದೆ ನಿಂತಿದ್ದ ರೇಡಿಯೊ ಇದನ್ನು ಕಂಡಳು. ಸ್ಟೂಲು ವಾಲುತ್ತಿರುವುದು ಕಂಡಿತು, ಬಕೆಟ್ಟು ಜಾರುತ್ತಿರುವುದು ಕಂಡಿತು, ಕೆಳಗೆ ದೊಡ್ಡಮ್ಮನ ಬಗ್ಗಿದ ತಲೆ ಕಂಡಿತು. ಅವಳ ಬಾಯಿ ತೆರೆಯಿತು. ಅವಳ ಹೆಸರಿನ ಮುಂದೆ ಎರಡು ಚುಕ್ಕೆ ಇದ್ದವು. ಅವಳು ಬಾಯಿ ಮುಚ್ಚಿ ಎರಡೂ ಕೈ ಮೇಲೆತ್ತಿ ಜೋರಾಗಿ ಬೀಸಿದಳು. ಅತಿಥಿಯೊಬ್ಬಳು ಅದನ್ನು ನೋಡಿ, ಇದೂ ಕಾರ್ಯಕ್ರಮದ ಭಾಗವಿರಬೇಕೆಂದು ಮುಗುಳ್ನಕ್ಕಳು.

ಮುಂದೆ ಕೇಳಿಸಿದ್ದು ದೊಡ್ಡಮ್ಮನ ಕೂಗು.

ಅಕ್ಕ ತಿರುಗಿದಾಗ ಬಕೆಟ್ಟು ಪಕ್ಕಕ್ಕೆ ಉರುಳಿತ್ತು, ಕಾಸ್ಟಿಕ್ ನೀರು ಸಿಡಿದು ದೊಡ್ಡಮ್ಮ ಎಡಗಣ್ಣಿಗೆ ಎರಡೂ ಕೈ ಒತ್ತಿಕೊಂಡು ನೆಲದ ಮೇಲೆ ಹೊರಳುತ್ತಿದ್ದಳು. ಅಕ್ಕ ಅವಳ ಕಂಕುಳಿಗೆ ಕೈ ಹಾಕಿ ಎಳೆದುಕೊಂಡೇ ನಲ್ಲಿಗೆ ಹೋದಳು. ತಲೆಯನ್ನು ನೀರಿನ ಕೆಳಗೆ ಹಿಡಿದು, ಬೆರಳಿಂದ ಕಣ್ಣಿನ ರೆಪ್ಪೆ ಬಿಡಿಸಿದಳು. ದೊಡ್ಡಮ್ಮ ಒದ್ದಳು, ಕಚ್ಚಿದಳು. ಅಕ್ಕ ಬಿಡಲಿಲ್ಲ. ಹಿಂದೆ ತಮ್ಮನ ದನಿ ಕೇಳಿಸಿತು. ಮೆತ್ತಗಿನ, ಒಂದೇ ಸಮನೆಯ ದನಿ.

"ಎಲ್ಲರೂ ಇದ್ದಲ್ಲೇ ಇರಿ. ಉಸಿರಾಟದ ಕಡೆ ಗಮನ ಕೊಡಿ. ಇದನ್ನೂ ಸಾಕ್ಷಿಯಾಗಿ ನೋಡಿ."

ಆಮೇಲೆ ಅವನು ನಲ್ಲಿಯ ಬಳಿ ಬಂದು ಅಕ್ಕನ ಕಿವಿಯಲ್ಲಿ, "ಅಕ್ಕ, ಇವರನ್ನ ಹಿಂದಿನ ಅಂಗಳಕ್ಕೆ ಕರ್ಕೊಂಡು ಹೋಗು. ಅಲ್ಲಿ ನೀರಿದೆ. ಅತಿಥಿಗಳು ಇದ್ದಾರೆ" ಎಂದ.

ಅಕ್ಕ ತಲೆಯೆತ್ತದೆ ಅವನಿಗೆ ಒಂದು ಬೈಗುಳ ಬೈದಳು. ಅವಳ ಬಾಯಲ್ಲಿ ಅಂಥ ಮಾತು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಗೋಡೆ ಬದಿಯ ಹನ್ನೆರಡು ಜೋಡಿ ಕಣ್ಣೂ ತೆರೆದವು. "ಗಾಡಿ ತಗೊಂಡ್ ಬಾ" ಎಂದು ಕೂಗಿದಳು. "ಬರ್ತೀಯೋ, ಇಲ್ಲ ಇದೇ ಬಕೆಟ್ಟಿಗೆ ನಿನ್ನ ಮುಖ ಅದ್ದಲೋ?"

ಗಾಡಿ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಇನ್ನೂ ಒಂದು ಗಂಟೆ ಕಣ್ಣು ತೊಳೆದರು. ಒಂದು ವಾರ ನೋಡೋಣ ಎಂದರು. ವಾರವಾದ ಮೇಲೆ, ಎಡಗಣ್ಣಿಗೆ ದೃಷ್ಟಿ ಬರುವುದಿಲ್ಲ ಎಂದರು.

ಡಾಕ್ಟರು ಹಾಗೆ ಹೇಳಿದ ಮರುದಿನ ಬೆಳಿಗ್ಗೆ ತಮ್ಮ ಎಲ್ಲರನ್ನೂ ಕೋಣೆಯ ನಡುವೆ ವೃತ್ತವಾಗಿ ಕೂರಿಸಿದ. ಕೈ ಕೈ ಹಿಡಿಸಿದ. ಇವತ್ತು ಮಾತಾಡಬಹುದು, ಮನಸು ಹಗುರ ಮಾಡಿಕೊಳ್ಳಬಹುದು ಎಂದ. ಲೋಕದಲ್ಲಿ ಆಕಸ್ಮಿಕ ಎಂಬುದಿಲ್ಲ, ಪ್ರತಿಯೊಂದು ನೋವೂ ಗುರು, ದೊಡ್ಡಮ್ಮ ನಮಗೆಲ್ಲರಿಗೋಸ್ಕರ ಒಂದು ಪಾಠ ಹೊತ್ತಿದ್ದಾರೆ ಎಂದ. ರೇಡಿಯೊ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ನಾನು ಕಂಡೆ ಅಣ್ಣ. ಬೀಳೋದನ್ನ ಕಂಡೆ. ಕಿರುಚಲಿಲ್ಲ. ಒಂದು ಸಲ ದೊಡ್ಡಮ್ಮ ಅಂದಿದ್ರೆ ಸಾಕಿತ್ತು, ಅವಳು ಆಚೆ ಸರೀತಿದ್ಲು. ನನಗೆ ಎರಡು ಚುಕ್ಕೆ ಇತ್ತು ಅಣ್ಣ."

ತಮ್ಮ ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ಬಹಳ ಕರುಣೆಯಿಂದ ಹೇಳಿದ:

"ಚುಕ್ಕೆ ಶಿಕ್ಷೆ ಅಲ್ಲಮ್ಮ, ನೆನಪು. ನಿಜವಾದ ಅರಿವು ಇದ್ದಿದ್ರೆ ಎಲ್ಲಿ ಮಾತಾಡಬೇಕು ಅಂತ ಆ ಅರಿವೇ ಹೇಳ್ತಿತ್ತು. ನಿಮ್ಮ ಮನಸು ಆ ಕ್ಷಣದಲ್ಲಿ ಇರಲಿಲ್ಲ. ಅದನ್ನ ಒಪ್ಕೊಳ್ಳಿ. ನಿಮ್ಮನ್ನ ನೀವು ಕ್ಷಮಿಸಿಕೊಳ್ಳಿ. ನಾನಂತೂ ಕ್ಷಮಿಸಿದ್ದೀನಿ."

ಅಕ್ಕ ಎರಡೂ ಕಡೆಯ ಕೈ ಕೊಡವಿ ಎದ್ದಳು.

"ಯಾರನ್ನೋ ನೀನು ಕ್ಷಮಿಸೋದು?"

"ಅಕ್ಕ, ಕೂತ್ಕೊ."

"ಕೂರಲ್ಲ. ಕೂತು ಕೂತೇ ಇಷ್ಟಾಗಿದ್ದು. ಅವಳ ಬಾಯಿ ಕಟ್ಟಿದ್ದು ಯಾರು? ಎರಡು ವರ್ಷ ಚುಕ್ಕೆ ಇಟ್ಟು ಇಟ್ಟು, ಬೆಂಕಿ ಬಿದ್ರೂ ಬಾಯಿ ಬಿಡಬಾರದು ಅಂತ ಕಲಿಸಿದ್ದು ಯಾರು? ಈಗ ಅರಿವಿರಲಿಲ್ಲ ಅಂತೀಯಾ? ಹೇಳೋದು ಶಾಸ್ತ್ರ, ಹಾಕೋದು ಗಾಳ!"

"ನಿನ್ನ ಕೋಪಾನ ನಾನು ಗೌರವಿಸ್ತೀನಿ ಅಕ್ಕ. ಅದು ನಿನ್ನ ಒಳಗಿನ ಗಾಯ."

"ಗಾಯ ಆಗಿರೋದು ದೊಡ್ಡಮ್ಮನ ಕಣ್ಣಿಗೆ ಕಣೋ! ನನ್ನ ಒಳಗೆ ಏನಿದೆ ಅಂತ ಹುಡುಕೋಕೆ ಹೋಗ್ಬೇಡ. ಅಲ್ಲಿ ಇದ್ದಿದ್ದನ್ನ ಒಂದು ಸಲ ಹೊತ್ಕೊಂಡು ಹೋಗಿ ಮಾರಿದ್ದಾಯ್ತಲ್ಲ!"

ತಮ್ಮನ ಮುಖ ಒಂದು ಕ್ಷಣ ಬಿಳುಚಿಕೊಂಡಿತು. ಅದು ಒಂಬತ್ತು ವರ್ಷದ ಹುಡುಗನ ಮುಖ, ಪೆಟ್ಟು ತಿನ್ನುವ ಮೊದಲಿನದು. ಬೇರೆ ದಿನವಾಗಿದ್ದರೆ ಅಕ್ಕ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಅವನು ಬೇಗನೆ ಸುಧಾರಿಸಿಕೊಂಡು, "ಒಳಗೆ ಬಾ, ಮಾತಾಡೋಣ" ಎಂದು ತನ್ನ ಕೋಣೆಗೆ ಕರೆದ.

ಒಳಗೆ ಮೇಜಿನ ಮೇಲೆ ಟೈಪು ಮಾಡಿದ ಹಾಳೆ ಸಿದ್ಧವಿತ್ತು. ಅದರ ಪ್ರಕಾರ, ಕೆಲಸಗಾರ್ತಿ ವಯಸ್ಸಿನ ಕಾರಣ ತಲೆಸುತ್ತು ಬಂದು ಬಿದ್ದರು, ಬೀಳುವಾಗ ಕೈ ತಾಗಿ ಬಕೆಟ್ಟು ಉರುಳಿತು, ಕನ್ನಡಕ ಮತ್ತು ಕೈಗವಸು ಕೊಡಲಾಗಿತ್ತು, ಅವರಾಗಿಯೇ ತೊಟ್ಟಿರಲಿಲ್ಲ. ಕೆಳಗೆ ಸಾಕ್ಷಿಯ ಸಹಿಗೆ ಜಾಗ.

"ನೀನು ಹಾಕಿದ್ರೆ ಯಾರೂ ಪ್ರಶ್ನೆ ಮಾಡಲ್ಲ ಅಕ್ಕ. ನಿನ್ನ ಮುಖಕ್ಕೆ ಒಂದು ಬೆಲೆ ಇದೆ. ದೊಡ್ಡಮ್ಮನ್ನ ನಾವು ಬಿಡಲ್ಲ, ನೋಡ್ಕೊಳ್ಳೋಣ. ಆದ್ರೆ ಇದು ಹೊರಗೆ ಹೋದ್ರೆ ನಾವು ಕಟ್ಟಿದ್ದೆಲ್ಲ ಹೋಗುತ್ತೆ. ಎಷ್ಟು ಜನಕ್ಕೆ ಇದರಿಂದ ನೆಮ್ಮದಿ ಸಿಕ್ತಿದೆ, ಯೋಚ್ನೆ ಮಾಡು."

ಅಕ್ಕ ಹಾಳೆಯನ್ನು ಎರಡು ಸಲ ಓದಿದಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಸೇರಿಸಿಕೊಂಡಳು.

"ಅಕ್ಕ, ಎಲ್ಲಿಗೆ?"

"ನನ್ನನ್ನ ನನ್ನ ದಾರಿಗೆ ಬಿಟ್ಟುಕೊಡು."

ಹೊರಗೆ ಬಂದು ರೇಡಿಯೊಳ ರಟ್ಟೆ ಹಿಡಿದು ಎಬ್ಬಿಸಿದಳು. ಇಬ್ಬರೂ ಬಸ್ಸು ಹತ್ತಿ, ಕೆಲಸಗಾರರ ದೂರು ತೆಗೆದುಕೊಳ್ಳುವ ಕಚೇರಿಗೆ ಹೋದರು. ಎರಡನೇ ಮಹಡಿ, ಉದ್ದ ಬೆಂಚು, ಫ್ಯಾನಿನ ಕಿರಕಿರ. ಎರಡು ಗಂಟೆ ಕಾದರು. ಊಟ ಮುಗಿಸಿ ಬಂದ ಗುಮಾಸ್ತ ಅವರನ್ನು ಕರೆದು, ಕಡ್ಡಿಯಿಂದ ಹಲ್ಲಿನ ಸಂದಿ ಕೆದಕುತ್ತಾ ಎಲ್ಲವನ್ನೂ ಕೇಳಿದ. ರೇಡಿಯೊ ಹೇಳಿದಳು, ಅಕ್ಕ ಹೇಳಿದಳು. ಟೈಪು ಮಾಡಿದ ಹಾಳೆಯನ್ನು ಅಕ್ಕ ಅವನ ಮುಂದಿಟ್ಟಳು. ಅವನು ಅರ್ಜಿ ಬರೆದುಕೊಂಡು ಕೊನೆಗೆ ಕೇಳಿದ:

"ಮಾಲೀಕರು ಯಾರು?"

ಅಕ್ಕ ತಮ್ಮನ ಹೆಸರು ಹೇಳಿದಳು. ಆಮೇಲೆ ತನ್ನ ಹೆಸರು ಹೇಳಿದಳು. "ನನ್ನದೇ ಮೊದಲು ಬರೀರಿ. ಕಾಗದದಲ್ಲಿ ಹಂಗೇ ಇದೆ."

ಗುಮಾಸ್ತ ಕಡ್ಡಿ ಬಾಯಿಂದ ತೆಗೆದ. "ಏನಮ್ಮಾ, ನಿಮ್ಮ ಮೇಲೆ ನೀವೇ ದೂರು ಕೊಡ್ತೀರಾ? ಮನೇಲಿ ಯಾರಾದ್ರೂ ಇದ್ರೆ ಕೇಳ್ಕೊಂಡು ಬನ್ನಿ."

"ಮನೇಲಿ ಇರೋದು ನಾನೇ. ಕೇಳ್ಕೊಂಡೇ ಬಂದಿದ್ದೀನಿ. ಕನ್ನಡಕ ಮೊದಲು ತೆಗೆದೋಳು ನಾನು. ಚುಕ್ಕೆ ಇಡ್ತಿದ್ದಾಗ ನೋಡ್ಕೊಂಡು ನಿಂತಿದ್ದೋಳು ನಾನು. ಬರ್ಕೊಳ್ಳಿ ಸ್ವಾಮಿ, ಇನ್ನೂ ಕೋಪ ಇರುವಾಗಲೇ ಬರ್ಕೊಳ್ಳಿ. ಇಳಿದು ಹೋದ್ರೆ ನಾನು ಮತ್ತೆ ಅಕ್ಕ ಆಗ್ಬಿಡ್ತೀನಿ."

ಅವನು ಬರೆದುಕೊಂಡ.

ತಪಾಸಣೆಗೆ ಬಂದವರು ಕೋಣೆಗೆ ಬೀಗ ಹಾಕಿ ಹೋದರು. ವೀಡಿಯೊದವನ ಕ್ಯಾಮೆರಾದಲ್ಲಿ ಎಲ್ಲವೂ ಇತ್ತು: ಅವನ ಹಿಮ್ಮಡಿ ಸ್ಟೂಲಿಗೆ ತಾಗಿ ಕ್ಯಾಮೆರಾ ಅಲುಗಿ ಆಚೆ ಬದಿಗೆ ತಿರುಗಿದ್ದು, ಮೂಲೆಯಲ್ಲಿ ರೇಡಿಯೊ ಕೈ ಬೀಸಿದ್ದು. ತಲೆಸುತ್ತಿನ ಕತೆ ನಿಲ್ಲಲಿಲ್ಲ. ದೊಡ್ಡಮ್ಮನಿಗೆ ಪರಿಹಾರ ಕೊಡಬೇಕೆಂದು ಇಬ್ಬರು ಮಾಲೀಕರಿಗೂ ಆದೇಶವಾಯಿತು. ಅಕ್ಕ ತನ್ನ ಪಾಲಿಗೆ ಮನೆಯ ಹಿಂದಿನ ಶೆಡ್ಡು ಮತ್ತು ಅದರ ಜಾಗ ಮಾರಿದಳು. ತಮ್ಮ ತನ್ನ ಪಾಲನ್ನು ವಕೀಲರ ಕೈಯಲ್ಲಿ ಎಳೆದಾಡಿಸಿ, ಕಡೆಗೆ ಕೊಟ್ಟ.

ಆರು ತಿಂಗಳಲ್ಲಿ ಅವನು ಬೇರೆ ಕಡೆ ಹೊಸ ಹೆಸರಲ್ಲಿ ಮತ್ತೆ ಶುರು ಮಾಡಿದ. ಈ ಸಲ ಮೇಣದ ಬತ್ತಿ. ಪೊಟ್ಟಣದ ಮೇಲೆ ಬೇರೆ ಯಾರೋ ವಯಸ್ಸಾದ ಹೆಂಗಸು, ಅವಳಿಗೂ ಶಾಂತ ಮುಖ. ಅಕ್ಕನಿಗೆ ಒಂದು ಕಾಗದ ಬಂತು. ಒಳ್ಳೆಯ ದಪ್ಪ ಕಾಗದ, ಕೈಬರಹ ಅವನದೇ. 'ನೀನು ನನಗೆ ಮಾಡಿದ್ದನ್ನು ನಾನು ಪೂರ್ತಿ ಕ್ಷಮಿಸಿದ್ದೇನೆ. ನನ್ನ ಧ್ಯಾನದಲ್ಲಿ ದಿನವೂ ನಿನಗೆ ಕೃತಜ್ಞತೆ ಕಳಿಸುತ್ತೇನೆ.' ಅಕ್ಕ ಅದೇ ಕಾಗದದ ಹಿಂದೆ, 'ಆ ಬತ್ತಿ ಮಾಡೋ ಹೆಂಗಸರು ಮಾತಾಡ್ತಾರಾ?' ಎಂದು ಬರೆದು ವಾಪಸು ಕಳಿಸಿದಳು. ಉತ್ತರ ಬರಲಿಲ್ಲ. ಎರಡು ವಾರ ಕಾದು, ಆ ಹೊಸ ಜಾಗದ ವಿಳಾಸ ಹಾಕಿ, ಒಮ್ಮೆ ಹೋಗಿ ನೋಡಬೇಕೆಂದು ಅದೇ ಕಚೇರಿಗೆ ಅರ್ಜಿ ಬರೆದಳು. ಗುಮಾಸ್ತ ಈಗ ಅವಳನ್ನು ಕಂಡರೆ ಎದ್ದು ನಿಲ್ಲುತ್ತಾನೆ, ಗೌರವಕ್ಕೋ ಭಯಕ್ಕೋ ತಿಳಿಯದು.

ರೇಡಿಯೊ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಮಾತಾಡಿದಷ್ಟೂ ಒಳ್ಳೆಯದು. ಅವಳು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾಳಂತೆ. ಇದನ್ನು ಕೇಳಿದ ದಿನ ಅಕ್ಕ ಒಬ್ಬಳೇ ಅಡುಗೆಮನೆಯಲ್ಲಿ ನಿಂತು, ಕೈಗೆ ಸಿಕ್ಕ ಪಾತ್ರೆಯನ್ನು ಗೋಡೆಗೆ ಬೀಸಿ ಎಸೆದಳು. ಕಣ್ಣು ಹೋದದ್ದಕ್ಕೆ ಪರಿಹಾರ ಕಟ್ಟಬಲ್ಲ ಕಚೇರಿ ಇತ್ತು. ಇದಕ್ಕೆ ಎಲ್ಲಿ ಅರ್ಜಿ ಹಾಕುವುದು?

ಅಕ್ಕ ಸಾಬೂನು ಮಾಡುವುದನ್ನು ಬಿಟ್ಟಿಲ್ಲ. ಅಡುಗೆಮನೆಯಲ್ಲೇ, ಸಣ್ಣ ಪಾತ್ರೆಯಲ್ಲಿ, ಕನ್ನಡಕ ಹಾಕಿಕೊಂಡು ಮಾಡುತ್ತಾಳೆ. ಆ ಅರ್ಧ ಗಂಟೆ ಈಗ ಮೊದಲಿನಂತಿಲ್ಲ. ಕೋಲು ಹಿಡಿದರೆ ಸಿಟ್ಟು ಬರುತ್ತದೆ. ತಮ್ಮನನ್ನು ಬೈಯುತ್ತಾಳೆ, ತನ್ನನ್ನು ಬೈದುಕೊಳ್ಳುತ್ತಾಳೆ, ಕೆಲವು ದಿನ ಎಲ್ಲವನ್ನೂ ನೋಡುತ್ತಾ ಸುಮ್ಮನಿದ್ದನಲ್ಲ ಎಂದು ಮೇಲಿರುವವನನ್ನೂ ಜೋರಾಗಿಯೇ ಬೈಯುತ್ತಾಳೆ. ಪಕ್ಕದ ಮನೆಯವರಿಗೆ ಕೇಳಿಸುತ್ತದೆ.

ದೊಡ್ಡಮ್ಮನ ಮನೆಗೆ ಅವಳು ಹೋಗಿದ್ದು ಪರಿಹಾರದ ವಿಷಯವೆಲ್ಲ ಮುಗಿದ ಮೇಲೆ. ಅಲ್ಲಿಯವರೆಗೆ ಧೈರ್ಯ ಬಂದಿರಲಿಲ್ಲ. ಬಾಗಿಲು ತೆರೆದ ದೊಡ್ಡಮ್ಮ ಒಂದೇ ಕಣ್ಣಲ್ಲಿ, ತಲೆ ಓರೆ ಮಾಡಿ ಅವಳನ್ನು ನೋಡಿದಳು.

"ಯಾಕೆ ಬಂದೆ?"

"ನೋಡೋಕೆ."

"ನೋಡು. ನಾನೂ ಎರಡು ವರ್ಷ ನಿನ್ನ ಮುಖ ನೋಡ್ಕೊಂಡೇ ಕೆಲಸ ಮಾಡಿದ್ದು. ಅವನು ಯಾವನೋ ಪುಂಗಿ ಊದೋನು, ಅವನನ್ನ ಯಾರು ನಂಬ್ತಿದ್ರು? ನಿನ್ನ ಮುಖ ಇತ್ತಲ್ಲೇ ಪೊಟ್ಟಣದ ಮೇಲೆ! ಅಕ್ಕ ಇದ್ದಾಳೆ, ಅಕ್ಕ ಇರೋ ಕಡೆ ಕೆಟ್ಟದ್ದು ಆಗಲ್ಲ ಅಂತ ನಾನೇ ನಾಲ್ಕು ಜನಕ್ಕೆ ಹೇಳಿ ಕರ್ಕೊಂಡು ಬಂದೆ. ಕನ್ನಡಕ ಬೇಡ ಅಂದಾಗ ಒಂದು ಮಾತು ಆಡಿದ್ಯಾ? ಆಡಿದ್ಯೇನೇ?"

"ಇಲ್ಲ."

"ನಲ್ಲಿ ಹತ್ರ ಬೈದೆಯಲ್ಲ ಅವನಿಗೆ, ಆ ಬೈಗುಳ ಎರಡು ವರ್ಷ ಎಲ್ಲಿಟ್ಟಿದ್ದೆ?"

ಅಕ್ಕ ಹೊಸ್ತಿಲಾಚೆಯೇ ನಿಂತಿದ್ದಳು. ಕ್ಷಮಿಸು ಎಂಬ ಮಾತು ಬಾಯಿಗೆ ಬಂತು. ಆ ಮಾತನ್ನು ತಮ್ಮ ಎಷ್ಟು ಸವೆಸಿಬಿಟ್ಟಿದ್ದನೆಂದರೆ, ಅದನ್ನು ಎತ್ತಿಕೊಳ್ಳಲು ಅವಳಿಗೆ ಹೇಸಿಗೆಯಾಯಿತು. "ನಿಂದು ಸರಿ ದೊಡ್ಡಮ್ಮ" ಎಂದಳು. "ಬೈ."

ದೊಡ್ಡಮ್ಮ ಬೈದಳು. ಅಕ್ಕನ ಫೋಟೊವನ್ನು ಬೈದಳು, ಅವಳ ತಮ್ಮನನ್ನು ಬೈದಳು, ಬಿಳಿ ದಿಂಬಿನವರನ್ನು ಬೈದಳು, ಈಗ ಕಾಗದ ಕತ್ತರಿಸಿದರೆ ಗೆರೆ ನೇರ ಬರುವುದಿಲ್ಲ, ಲೋಟಕ್ಕೆ ನೀರು ಬಗ್ಗಿಸಿದರೆ ಆಚೆ ಬೀಳುತ್ತದೆ ಎಂದು ಹೇಳಿ ಹೇಳಿ ಬೈದಳು. ಬೀದಿಯ ಜನ ಕಿಟಕಿಗೆ ಬಂದು ನಿಂತರು. ಬೈದು ಬೈದು ಅವಳಿಗೆ ಕೆಮ್ಮು ಹತ್ತಿತು. ಅಕ್ಕ ಒಳಗೆ ಹೋಗಿ ನೀರು ತಂದು ಕೊಟ್ಟಳು. ದೊಡ್ಡಮ್ಮ ಲೋಟ ಕಸಿದುಕೊಂಡು ಕುಡಿದು, ಬಾಯಿ ಒರೆಸಿಕೊಂಡಳು.

"ಮುಗೀತು ಅಂದ್ಕೋಬೇಡ. ಇನ್ನೂ ಇದೆ."

"ಗೊತ್ತು."

"ನಾಳೆ ಬಾ. ಬೆಳಿಗ್ಗೆ ಬಾ, ಆಸ್ಪತ್ರೆಗೆ ಹೋಗೋದಿದೆ, ಬಸ್ಸಿನ ನಂಬರ್ ನನಗೆ ಕಾಣಲ್ಲ. ದಾರೀಲಿ ಬೈತೀನಿ."

"ಎಷ್ಟು ಗಂಟೆಗೆ?"

"ಎಂಟಕ್ಕೆ" ಎಂದು ದೊಡ್ಡಮ್ಮ ಬಾಗಿಲು ಹಾಕಿಕೊಂಡಳು.